ಮಲಯಾಳಂ ‘ವೈಶಾಲಿ’ಗೆ ಕನ್ನಡ ಸಬ್‌ಟೈಟಲ್: ಕಲಬುರಗಿ ಕಡೆಯ ಪ್ರದರ್ಶನಕ್ಕೊಂದು ಕೈಪಿಡಿ

ಭರತನ್ ನಿರ್ದೇಶಿಸಿ, ಎಂ.ಟಿ. ವಾಸುದೇವನ್ ನಾಯರ್ ಚಿತ್ರಕಥೆ ಬರೆದ ‘ವೈಶಾಲಿ’ 1988ರ ಚಿತ್ರ. ಕಥೆ ಮಹಾಭಾರತದ ವನಪರ್ವದ್ದು. ಬರಗಾಲಕ್ಕೆ ಸಿಕ್ಕ ಅಂಗದೇಶ, ಹೆಣ್ಣನ್ನೇ ಕಾಣದೆ ಕಾಡಿನಲ್ಲಿ ಬೆಳೆದ ಋಷ್ಯಶೃಂಗ, ಅವನು ಕಾಲಿಟ್ಟರೆ ಮಳೆ ಬರುತ್ತದೆಂಬ ನಂಬಿಕೆ, ಅವನನ್ನು ಕರೆತರಲು ಹೋಗುವ, ಗಣಿಕೆ ಮಾಲಿನಿಯ ಮಗಳು ವೈಶಾಲಿ. ಕಲಬುರಗಿ, ಬೀದರ್, ಯಾದಗಿರಿಯ ಜನಕ್ಕೆ ಈ ಕಥೆಯ ಬರವನ್ನು ಯಾರೂ ವಿವರಿಸಬೇಕಾಗಿಲ್ಲ. ಮಿರಗಾ (ಮೃಗಶಿರಾ ಮಳೆ) ಕೂಡಿದರೂ ಹನಿ ಬೀಳದೆ ಮುಗಿಲು ನೋಡುತ್ತ ನಿಂತವರು ನಾವು. ಮಳೆ ಬೇಡುತ್ತ ಗುರ್ಜಿ ಹೊತ್ತು ಓಣಿಗೆ ಬಂದ ಹುಡುಗರ ತಲೆಯ ಮೇಲೆ ತಂಬಿಗೆ ನೀರು ಸುರಿದವರು ನಮ್ಮ ಮನೆಯ ಹೆಣ್ಣುಮಕ್ಕಳು. ಅಂಗದೇಶದ ಲೋಮಪಾದ ರಾಜನ ಸಂಕಟ ನಮಗೆ ಅರ್ಥವಾಗುತ್ತದೆ, ಅರ್ಥವಾಗದೆ ಉಳಿಯುವುದು ಅವನ ಮಾತು. ಆದ್ದರಿಂದ ಈ ಚಿತ್ರವನ್ನು ಇಲ್ಲಿ ತೋರಿಸಬೇಕೆಂದರೆ ಒಳ್ಳೆಯ ಕನ್ನಡ ಸಬ್‌ಟೈಟಲ್ ಬೇಕೇ ಬೇಕು. ಅದನ್ನು ತಯಾರಿಸಿ ಪರದೆಗೆ ತರುವವರೆಗಿನ ಕೆಲಸ ಇಲ್ಲಿದೆ.

ಮೊದಲು ಅನುಮತಿ

ಮನೆಯಲ್ಲಿ ನೋಡಲು ಕೊಂಡ ಡಿವಿಡಿಯಾಗಲಿ, ಮೊಬೈಲಿನ ಓಟಿಟಿ ಖಾತೆಯಾಗಲಿ ಸಾರ್ವಜನಿಕ ಪ್ರದರ್ಶನದ ಹಕ್ಕು ಕೊಡುವುದಿಲ್ಲ. ಚಿತ್ರದ ಹಕ್ಕುದಾರರಿಗೆ ಪತ್ರ ಬರೆಯಿರಿ. ಎಲ್ಲಿ, ಯಾವ ದಿನ, ಎಷ್ಟು ಜನರಿಗೆ, ಟಿಕೆಟ್ ಇದೆಯೋ ಇಲ್ಲವೋ ಎಂಬುದನ್ನು ಮೊದಲ ಪತ್ರದಲ್ಲೇ ಹೇಳಿ. ಬಹಳ ಜನ ಮರೆಯುವ ವಿಷಯವೊಂದಿದೆ: ಸಬ್‌ಟೈಟಲ್ ಎಂದರೆ ಅನುವಾದ, ಅದಕ್ಕೂ ಒಪ್ಪಿಗೆ ಬೇಕು. ಎರಡನ್ನೂ ಒಂದೇ ಪತ್ರದಲ್ಲಿ ಕೇಳಿ, ಲಿಖಿತ ಉತ್ತರ ಪಡೆಯಿರಿ. 1952ರ ಸಿನಿಮಾಟೊಗ್ರಾಫ್ ಕಾಯ್ದೆಯ ಪ್ರಕಾರ ಸಾರ್ವಜನಿಕರಿಗೆ ತೋರಿಸುವ ಪ್ರತಿಗೆ ಸೆನ್ಸಾರ್ ಪ್ರಮಾಣಪತ್ರ ಇರಬೇಕಾದ್ದರಿಂದ ಅದರ ನಕಲನ್ನೂ ಕೇಳಿ ಇಟ್ಟುಕೊಳ್ಳಿ. ಶಾಲೆ ಕಾಲೇಜಿನೊಳಗೆ, ವಿದ್ಯಾರ್ಥಿಗಳು, ಅಧ್ಯಾಪಕರು, ಪಾಲಕರು ಇಷ್ಟೇ ಜನರ ಮುಂದೆ ಪಾಠದ ಚಟುವಟಿಕೆಯಾಗಿ ತೋರಿಸುವುದಕ್ಕೆ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ಊರವರಿಗೆಲ್ಲ ಗೇಟು ತೆರೆದ ಕೂಡಲೇ ಆ ವಿನಾಯಿತಿ ಹೋಗುತ್ತದೆ.

ಪ್ರತಿ ಒಂದೇ ಇರಲಿ

ಯಾವ ಫೈಲನ್ನು ಪರದೆಯ ಮೇಲೆ ಓಡಿಸುತ್ತೀರೋ ಅದೇ ಫೈಲಿನ ಮೇಲೆ ಸಬ್‌ಟೈಟಲ್ ಕೆಲಸ ಶುರು ಮಾಡಿ. ಇದನ್ನು ಬಿಟ್ಟವರು ಕೊನೆಯ ದಿನ ಕಷ್ಟಪಡುತ್ತಾರೆ. ಒಂದು ಪ್ರತಿಯಲ್ಲಿ ಕಂಪನಿಯ ಲಾಂಛನ ಹತ್ತು ಸೆಕೆಂಡು, ಇನ್ನೊಂದರಲ್ಲಿ ಅದೇ ಇಲ್ಲ. ಒಂದರಲ್ಲಿ ಮಧ್ಯಂತರದ ಚೀಟಿ ಇದೆ, ಇನ್ನೊಂದರಲ್ಲಿ ಕತ್ತರಿಸಿದೆ. ಇದಕ್ಕಿಂತ ಕೆಟ್ಟದ್ದು ಫ್ರೇಮ್ ದರದ ವ್ಯತ್ಯಾಸ. ಸೆಕೆಂಡಿಗೆ 23.976 ಫ್ರೇಮ್ ಇರುವ ಪ್ರತಿಗೆ ಕೂಡಿಸಿದ ಸಬ್‌ಟೈಟಲನ್ನು 25 ಫ್ರೇಮಿನ ಪ್ರತಿಗೆ ಹಾಕಿದರೆ ಮೊದಲ ನಿಮಿಷದಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಎರಡು ತಾಸಿನ ಕೊನೆಗೆ ಮಾತು ಸುಮಾರು ಐದು ನಿಮಿಷ ಮುಂದೆ ಹೋಗಿರುತ್ತದೆ, ಅಕ್ಷರ ಹಿಂದೆ ಉಳಿದಿರುತ್ತದೆ.

ಪರೀಕ್ಷೆ ಸುಲಭ. ಚಿತ್ರದ ಮೊದಲ ಮಾತು ಯಾವ ಗಳಿಗೆಗೆ ಬರುತ್ತದೆ, ಕೊನೆಯ ಮಾತು ಯಾವ ಗಳಿಗೆಗೆ ಬರುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಬೇರೆ ಪ್ರತಿ ಕೈಗೆ ಬಂದಾಗ ಈ ಎರಡನ್ನು ತಾಳೆ ನೋಡಿ. ಎರಡೂ ಕಡೆ ಒಂದೇ ಅಂತರ ಬಂದರೆ ಇಡೀ ಫೈಲನ್ನು ಅಷ್ಟು ಸರಿಸಿದರೆ ಸಾಕು. ಅಂತರ ಹೆಚ್ಚುತ್ತ ಹೋಗಿದ್ದರೆ ಫ್ರೇಮ್ ದರ ಬದಲಿಸಬೇಕು. ‘ಸಬ್‌ಟೈಟಲ್ ಎಡಿಟ್’ ಎಂಬ ಉಚಿತ ತಂತ್ರಾಂಶ ಎರಡನ್ನೂ ಮಾಡುತ್ತದೆ.

ಕೇಳಿ ಬರೆಯುವುದು

ಮಲಯಾಳಂ ಬಲ್ಲವರು ಒಬ್ಬರಾದರೂ ಬೇಕು. ಆಳಂದ ತಾಲ್ಲೂಕಿನ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಕೇರಳದ ವಿದ್ಯಾರ್ಥಿಗಳಿದ್ದಾರೆ, ನಗರದ ಆಸ್ಪತ್ರೆಗಳಲ್ಲಿ ಮಲಯಾಳಿ ನರ್ಸುಗಳಿದ್ದಾರೆ. ಅವರು ಅನುವಾದಕರಾಗಬೇಕೆಂದಿಲ್ಲ. ಪಕ್ಕದಲ್ಲಿ ಕೂತು, ಈ ಮಾತಿನ ಅರ್ಥ ಇದು, ಇದನ್ನು ಹೇಳಿದ್ದು ಗೌರವದಿಂದಲೋ ಸಲಿಗೆಯಿಂದಲೋ ಎಂದು ತಿಳಿಸಿದರೆ ಸಾಕು. ಒಂದು ಬೈಠಕ್ಕಿನಲ್ಲಿ ಎಂಟು ಹತ್ತು ನಿಮಿಷದ ಚಿತ್ರಕ್ಕಿಂತ ಹೆಚ್ಚು ಹಿಡಿಯಬೇಡಿ. ಅಷ್ಟಕ್ಕೇ ಮೂರು ನಾಲ್ಕು ತಾಸು ಹಿಡಿಯುತ್ತದೆ.

ಇಂಗ್ಲಿಷ್ ಸಬ್‌ಟೈಟಲ್ ಸಿಕ್ಕಿದೆ, ಅದನ್ನೇ ಕನ್ನಡ ಮಾಡಿಬಿಡೋಣ ಎಂಬ ಆಸೆ ಬರುತ್ತದೆ. ಬೇಡ. ಮಲಯಾಳಂನಲ್ಲಿ ರಾಜನಿಗೆ, ಮುನಿಗೆ ‘ಅಙ್ಙ್’ ಎನ್ನುತ್ತಾರೆ, ಮಗಳಿಗೆ ‘ನೀ’ ಎನ್ನುತ್ತಾರೆ. ಇಂಗ್ಲಿಷಿಗೆ ಹೋದಾಗ ಎರಡೂ ಒಂದೇ ಆಗಿ, ಕನ್ನಡಕ್ಕೆ ಬರುವ ಹೊತ್ತಿಗೆ ರಾಜಗುರುವಿಗೆ ಯಾರೋ ‘ನೀನು’ ಅಂದಿರುತ್ತಾರೆ. ನಮ್ಮ ನೋಡುಗರಿಗೆ ಅದು ಕಪಾಳಕ್ಕೆ ಹೊಡೆದ ಹಾಗೆ ಕೇಳುತ್ತದೆ. ಇಂಗ್ಲಿಷ್ ಫೈಲನ್ನು ಸಮಯ ಹಿಡಿಯಲು ಬಳಸಿ, ಮಾತಿಗೆ ಬಳಸಬೇಡಿ.

ಕನ್ನಡದವರ ಕಿವಿಗೆ ಮಲಯಾಳಂ ಅರ್ಧ ತಿಳಿದಂತೆ ಅನಿಸುವುದೇ ದೊಡ್ಡ ಅಪಾಯ. ‘ಅಲ್ಲ’, ‘ಇಲ್ಲ’, ‘ಮರಂ’ ಇವು ನಮ್ಮವೇ. ‘ಪಾಲ್’ ಹಾಲು, ‘ಪುಲಿ’ ಹುಲಿ, ಅಲ್ಲಿಯ ಪಕಾರಕ್ಕೆ ನಮ್ಮ ಹಕಾರ ಎಂದು ಬೇಗ ಹಿಡಿತ ಸಿಗುತ್ತದೆ. ಮಳೆಗೆ ಅವರು ಹೇಳುವ ಪದದಲ್ಲಿ ನಾಲಿಗೆ ಮಡಚಿ ಬರುವ ಆ ಧ್ವನಿ ಹಳಗನ್ನಡದ ‘ಮೞೆ’ಯಲ್ಲಿದ್ದ ೞಕಾರವೇ. ನಮ್ಮ ಜಿಲ್ಲೆಯ ಮಳಖೇಡದಲ್ಲಿ ರಾಷ್ಟ್ರಕೂಟರು ಆಳುತ್ತಿದ್ದ ಕಾಲದ ಕನ್ನಡದಲ್ಲಿ ಆ ಅಕ್ಷರ ಬದುಕಿತ್ತು, ನಾವು ಕಳೆದುಕೊಂಡೆವು, ಅವರು ಉಳಿಸಿಕೊಂಡರು. ಈ ಚಿತ್ರದಲ್ಲಿ ಆ ಪದ ಬಂದಾಗಲೆಲ್ಲ ಕಿವಿಗೊಟ್ಟು ಕೇಳಿ.

ಆದರೆ ಮೋಸ ಮಾಡುವ ಪದಗಳೂ ಇವೆ. ‘ವೆಳ್ಳಂ’ ಎಂದರೆ ನೀರು, ಬೆಲ್ಲವಲ್ಲ. ಬರದ ಕಥೆಯಲ್ಲಿ ಇದನ್ನು ತಪ್ಪಿದರೆ ಕೆಲಸವೇ ಕೆಟ್ಟಿತು. ‘ಅವಸರಂ’ ಎಂದರೆ ಅವಕಾಶ, ಗಡಿಬಿಡಿಯಲ್ಲ. ‘ಕಷ್ಟಂ’ ಎಂದು ಒಬ್ಬರೇ ಉದ್ಗರಿಸಿದರೆ ‘ಅಯ್ಯೋ ಪಾಪ’ ಎಂದರ್ಥ. ‘ಪಕ್ಷೇ’ ಎಂದರೆ ‘ಆದರೆ’. ‘ಸಂಸಾರಿಕ್ಕುಕ’ ಎಂದರೆ ಮಾತಾಡುವುದು. ತಪಸ್ವಿಯೊಬ್ಬನ ಎದುರು ಯಾರಾದರೂ ‘ಸಂಸಾರಿಕ್ಕಣಂ’ ಅಂದರೆ ಮಾತಾಡಬೇಕು ಎಂದಷ್ಟೇ, ಸಂಸಾರ ಹೂಡುವ ಮಾತಲ್ಲ.

ಹೆಸರುಗಳಲ್ಲಿ ಕೊನೆಯ ‘ನ್’ ತೆಗೆಯಿರಿ. ಅಲ್ಲಿ ಋಷ್ಯಶೃಂಗನ್, ಲೋಮಪಾದನ್, ವಿಭಾಂಡಕನ್. ಇಲ್ಲಿ ಋಷ್ಯಶೃಂಗ, ಲೋಮಪಾದ, ಋಷ್ಯಶೃಂಗನ ತಂದೆ ವಿಭಾಂಡಕ. ರಾಮಾಯಣ ಓದಿದವರು ರೋಮಪಾದ ಎಂದು ಬರೆಯಲು ಹೋಗುತ್ತಾರೆ. ಚಿತ್ರದಲ್ಲಿ ಕೇಳುವ ಹೆಸರನ್ನೇ ಇಡಿ. ಕಿವಿಗೊಂದು ಕಣ್ಣಿಗೊಂದು ಬಂದರೆ ನೋಡುಗ ಇಬ್ಬರು ರಾಜರಿದ್ದಾರೆಂದು ತಿಳಿಯುತ್ತಾನೆ.

ಕ್ರಿಯಾಪದದ ಬಾಲ

ಇಡೀ ಕೆಲಸದಲ್ಲಿ ಹೆಚ್ಚು ತಲೆ ಕೊಡಬೇಕಾದದ್ದು ಇಲ್ಲಿ. ಮಲಯಾಳಂ ಕ್ರಿಯಾಪದಕ್ಕೆ ಲಿಂಗವಿಲ್ಲ, ವಚನವಿಲ್ಲ. ‘ವನ್ನು’ ಎಂದರೆ ಬಂದನು, ಬಂದಳು, ಬಂದರು, ಬಂದಿತು, ಬಂದೆನು, ಬಂದೆ, ಎಲ್ಲವೂ. ‘ಎವಿಡೆ ಪೋಯಿ?’ ಎಂದು ಯಾರಾದರೂ ಕೇಳಿದರೆ ಎಲ್ಲಿ ಹೋದದ್ದು ಗಂಡೋ ಹೆಣ್ಣೋ ಎಂದು ಆ ಮಾತು ಹೇಳುವುದಿಲ್ಲ. ಕನ್ನಡ ಹೇಳದೆ ಬಿಡುವುದಿಲ್ಲ. ನಾವು ‘ಹೋದ’ ಎನ್ನಬೇಕು, ಇಲ್ಲ ‘ಹೋದಳು’ ಎನ್ನಬೇಕು.

ಬೇರೆ ಚಿತ್ರದಲ್ಲಿ ಇದು ಸಣ್ಣ ಸಂಗತಿ. ಇಲ್ಲಿ ಕಥೆಯ ಜೀವವೇ ಇದು. ಋಷ್ಯಶೃಂಗನಿಗೆ ಹೆಣ್ಣು ಎಂಬ ಜೀವ ಲೋಕದಲ್ಲಿದೆ ಎಂದೇ ಗೊತ್ತಿಲ್ಲ. ವನಪರ್ವದಲ್ಲಿ ಅವನು ತಂದೆಗೆ ವರದಿ ಕೊಡುವುದು ಒಬ್ಬ ಬ್ರಹ್ಮಚಾರಿ ಆಶ್ರಮಕ್ಕೆ ಬಂದಿದ್ದನೆಂದೇ. ಅವನ ಬಾಯಲ್ಲಿ ನೀವು ‘ಬಂದಳು’ ಎಂದು ಬರೆದಿರೋ, ಆ ಒಂದು ‘ಳು’ ಅವನ ಮುಗ್ಧತೆಯನ್ನು ಮುಗಿಸಿಬಿಡುತ್ತದೆ. ಪರದೆಯ ಮೇಲಿನ ಹುಡುಗನಿಗೆ ಗೊತ್ತಿಲ್ಲದ್ದು ಸಬ್‌ಟೈಟಲಿಗೆ ಗೊತ್ತಾಗಿರುತ್ತದೆ.

ಹೀಗೆ ಮಾಡಿ. ಅನುವಾದದ ಹಾಳೆಯಲ್ಲಿ ಸಮಯ, ಮಲಯಾಳಂ ಮಾತು, ಕನ್ನಡ ಮಾತು ಈ ಮೂರು ಕಂಬಸಾಲುಗಳ ಜೊತೆ ನಾಲ್ಕನೆಯದೊಂದು ಎಳೆಯಿರಿ: ‘ಹೇಳುವವನಿಗೆ ಏನು ಗೊತ್ತು’. ಋಷ್ಯಶೃಂಗ ಮಾತಾಡುವ ಪ್ರತಿ ಸಾಲಿನ ಎದುರು ‘ಗೊತ್ತಿಲ್ಲ’ ಅಥವಾ ‘ಗೊತ್ತು’ ಎಂದು ಬರೆಯಿರಿ. ‘ಗೊತ್ತಿಲ್ಲ’ ಇರುವ ಕಡೆ ‘ಬಂದನು, ಹೋದನು, ಅವನು’. ಚಿತ್ರ ಅವನಿಗೆ ನಿಜ ತಿಳಿಸುವ ಗಳಿಗೆ ಯಾವುದೆಂದು ಮಲಯಾಳಂ ಬಲ್ಲವರ ಜೊತೆ ಕೂತು ತೀರ್ಮಾನಿಸಿ, ಅದರ ನಂತರದ ಸಾಲಿನಿಂದ ‘ಬಂದಳು’. ಒಮ್ಮೆ ದಾಟಿದ ಮೇಲೆ ಹಿಂದಕ್ಕೆ ಹೋಗಬೇಡಿ. ಮಲಯಾಳಂನಲ್ಲಿ ‘ಅವನ್’, ‘ಅವಳ್’ ಎಂಬ ಸರ್ವನಾಮಗಳಿಗೆ ಲಿಂಗ ಇದೆ. ಅವು ಬಾಯಿಬಿಟ್ಟು ಕೇಳಿಸಿದ ಕಡೆ ಅದೇ ನಿಮಗೆ ದಾರಿ. ಸರ್ವನಾಮ ಇಲ್ಲದ ಕಡೆ ಮಾತ್ರ ನಿಮ್ಮ ನಿರ್ಧಾರ.

ತೀರ್ಮಾನಿಸಲಾಗದ ಸಾಲು ಬಂದರೆ ಕನ್ನಡದಲ್ಲೇ ಒಳದಾರಿಗಳಿವೆ. ‘ಯಾರು ಬಂದ?’, ‘ಯಾರು ಬಂದಳು?’ ಎನ್ನುವ ಬದಲು ‘ಬಂದದ್ದು ಯಾರು?’ ಎಂದರೆ ಲಿಂಗ ಬೇಕಿಲ್ಲ. ‘ಹೋದದ್ದು ಎಲ್ಲಿಗೆ?’ ಹಾಗೆಯೇ. ನೇರ ಎದುರಿಗೆ ಆಡುವ ಮಾತಿನಲ್ಲಿ ಕನ್ನಡಕ್ಕೂ ಲಿಂಗವಿಲ್ಲ, ‘ನೀನು ಎಲ್ಲಿಂದ ಬಂದೆ?’ ಎಂದರೆ ತೊಂದರೆಯೇ ಇಲ್ಲ. ಋಷ್ಯಶೃಂಗ, ವೈಶಾಲಿ ಇಬ್ಬರೇ ಇರುವ ದೃಶ್ಯಗಳಲ್ಲಿ ಇದು ತುಂಬ ಅನುಕೂಲ. ವಿಭಾಂಡಕನ ವಿಷಯ ಬೇರೆ. ಅವನಿಗೆ ಎಲ್ಲವೂ ಗೊತ್ತು, ಆದರೆ ಮಗನಿಗೆ ಹೇಳಲು ಮನಸ್ಸಿಲ್ಲ. ಮೂಲ ಭಾರತದಲ್ಲಿ ಅವನು ಮಗನಿಗೆ ಹೇಳುವುದು ಇವರು ವೇಷ ಹಾಕಿ ಬರುವ ರಾಕ್ಷಸರು ಎಂದು. ಆದ್ದರಿಂದ ಅವನ ಬಾಯಿಗೆ ‘ಅಂಥವರು’, ‘ಅವರು’ ಎಂಬ ಬಹುವಚನ ಚೆನ್ನಾಗಿ ಹೊಂದುತ್ತದೆ.

ಪದಗಳಲ್ಲೂ ಇದೇ ಎಚ್ಚರ ಬೇಕು. ವನಪರ್ವದ ಋಷ್ಯಶೃಂಗ ಆಕೆಯ ಕೂದಲನ್ನು ತನ್ನ ಲೋಕದ ಮಾತಿನಲ್ಲೇ ಹೇಳುತ್ತಾನೆ: ಅದು ಅವನಿಗೆ ಜಟೆ. ಸೊಂಟದ ಆಭರಣ ಅವನಿಗೆ ತಾನು ಕಟ್ಟಿಕೊಂಡ ಮೇಖಲೆಯಂಥದ್ದು. ಕೈಯಲ್ಲಿ ಸಪ್ಪಳ ಮಾಡುವುದು ಜಪಮಾಲೆಯಂಥದ್ದು. ಕನ್ನಡದಲ್ಲಿ ‘ಜಟೆ’ ಮತ್ತು ‘ಜಡೆ’ ಒಂದೇ ಬೇರಿನ ಎರಡು ಪದ. ತಪಸ್ವಿಯದು ಜಟೆ, ಹೆಣ್ಣುಮಗಳದು ಜಡೆ. ಅವನು ಆಕೆಯ ಕೂದಲಿನ ಮಾತೆತ್ತುವ ಸಾಲು ಬಂದರೆ ಮೊದಲ ಸಲ ‘ಜಟೆ’ ಎಂದಿಡಿ. ತಿಳಿದ ಮೇಲಿನ ಸಾಲಿನಲ್ಲಿ ‘ಜಡೆ’ ಎಂದಿಡಿ. ಒಂದು ಅಕ್ಷರದಲ್ಲಿ ಅವನು ಎಷ್ಟು ದೂರ ಬಂದ ಎಂಬುದು ಕಾಣುತ್ತದೆ. ಇಂಥ ಸೊಗಸು ಇಂಗ್ಲಿಷ್ ಸಬ್‌ಟೈಟಲಿಗೆ ಎಂದೂ ಸಿಗದು.

ಯಾವ ಕನ್ನಡ?

ಆಸ್ಥಾನದವರಿಗೆ ಗ್ರಾಂಥಿಕ ಇರಲಿ, ಆದರೆ ಸಣ್ಣಾಟ ದೊಡ್ಡಾಟದ ‘ಎಲವೋ’, ‘ಭಳಿರೇ’ ಬೇಡ. ಎಂ.ಟಿ. ಬರವಣಿಗೆ ಕಡಿಮೆ ಮಾತಿನದು, ಅಬ್ಬರ ಹಾಕಿದರೆ ಪಾತ್ರಗಳು ಚಿಕ್ಕವಾಗುತ್ತವೆ. ರಾಜನಿಗೂ ರಾಜಗುರುವಿಗೂ ‘ತಾವು’. ತಂದೆ ಮಗನಿಗೆ ‘ನೀನು’. ಮಾಲಿನಿ ಮಗಳು ವೈಶಾಲಿಯನ್ನು ಕರೆಯುವಾಗ ‘ಮಗಳೇ’ ಸರಿಯಾಗಿಯೇ ಇದೆ. ತೀರ ಕರುಳಿನ ಒಂದು ಗಳಿಗೆ ಇದ್ದರೆ ಅಲ್ಲಿ ‘ನನ್ನವ್ವಾ’ ಎನ್ನಿ, ಒಂದೇ ಸಲ.

ಬರದಲ್ಲಿ ನರಳುವ ಜನಸಾಮಾನ್ಯರ ಬಾಯಿಗೆ ನಮ್ಮ ಕಡೆಯ ಮಾತು ಹಾಕಬಹುದೇ? ಹಾಕಬೇಕು ಎಂದೇ ನಮ್ಮ ಅಭಿಪ್ರಾಯ. ‘ಬಾವಿ ಬತ್ಯಾವ’, ‘ಕುಡ್ಯಾಕ ನೀರಿಲ್ರಿ’ ಎಂದು ಓದಿದಾಗ ಅಂಗದೇಶ ಸೇಡಂ, ಅಫಜಲಪುರದ ಪಕ್ಕಕ್ಕೆ ಬರುತ್ತದೆ. ಮಳೆ ಬರುವಾಗ ಗುಂಪು ಕೂಗುವ ಮಾತಿಗೆ ‘ಮಳೆ ಬರುತ್ತಿದೆ’ ಎಂಬುದು ಆಕಾಶವಾಣಿಯ ವರದಿಯಂತಿದೆ. ‘ಮಳಿ ಬರ್ಲತದ!’ ಎಂದು ಬರೆಯಿರಿ. ‘ಬರಾಕತ್ತೈತಿ’ ಎಂದರೆ ಧಾರವಾಡವಾಯಿತು. ಆಡುಮಾತು ಹಾಕುವಾಗ ಓದಲು ಸುಲಭವಿರುವ ಎರಡು ಮೂರು ಪದಗಳಿಗೇ ನಿಲ್ಲಿಸಿ. ನಾವು ಆಡುವುದು ಹಾಗೇ ಆದರೂ ಓದಿ ರೂಢಿಯಿಲ್ಲ, ಕಣ್ಣು ತಡವರಿಸುತ್ತದೆ.

ಇನ್ನೊಂದು ಪದದ ಬಗ್ಗೆ ಎಚ್ಚರ. ಮಾಲಿನಿಯ ವೃತ್ತಿಗೆ ‘ಗಣಿಕೆ’ ಎಂಬ ಹಳೆಯ ಪದವೇ ಒಳ್ಳೆಯದು. ಮಲಯಾಳಂ ಮಾತಿನಲ್ಲಿ ‘ದೇವದಾಸಿ’ ಎಂದೇ ಸ್ಪಷ್ಟವಾಗಿ ಕೇಳಿಸಿದ ಕಡೆ ಹಾಗೇ ಇಡಿ. ಕೇಳದ ಕಡೆ ನೀವಾಗಿ ತರಬೇಡಿ. ನಮ್ಮ ಜಿಲ್ಲೆಗಳಲ್ಲಿ ಆ ಪದದ ನೋವು ಪುರಾಣದ್ದಲ್ಲ. ದೇವದಾಸಿ ಸಮರ್ಪಣೆಯನ್ನು ಕರ್ನಾಟಕ ಕಾನೂನಿನಿಂದ ನಿಷೇಧಿಸಿದ್ದು 1982ರಲ್ಲಿ, ಅದನ್ನು ಉಂಡವರು ನೋಡುಗರ ಸಾಲಿನಲ್ಲೇ ಕೂತಿರಬಹುದು. ಬೈಗುಳವಾಗಿ ಬಳಕೆಯಲ್ಲಿರುವ ಪದವನ್ನಂತೂ ಬರೆಯಲೇಬೇಡಿ.

ಹಾಡುಗಳು ಓ.ಎನ್.ವಿ. ಕುರುಪ್ ಬರೆದವು, ಬಾಂಬೆ ರವಿ ಸಂಗೀತ. ಈ ಚಿತ್ರದ ಹಾಡಿಗೆ ಕೆ.ಎಸ್. ಚಿತ್ರಾ ಅವರಿಗೂ ಸಾಹಿತ್ಯಕ್ಕೆ ಕುರುಪ್ ಅವರಿಗೂ ರಾಷ್ಟ್ರಪ್ರಶಸ್ತಿ ಬಂದಿದೆ. ಹಾಡಿನ ಪ್ರತಿ ಸಾಲಿಗೂ ಪ್ರಾಸ ಹೊಂದಿಸಲು ಹೋಗಬೇಡಿ. ಪಲ್ಲವಿಗೊಮ್ಮೆ, ಚರಣಕ್ಕೊಮ್ಮೆ ಅರ್ಥ ಕೊಟ್ಟು, ಪಲ್ಲವಿ ಮರಳಿ ಬಂದಾಗ ಪರದೆಯನ್ನು ಖಾಲಿ ಬಿಡಿ. ಮಧು ಅಂಬಾಟ್ ಅವರ ಛಾಯಾಗ್ರಹಣ ನೋಡಲು ಜನಕ್ಕೆ ಕಣ್ಣು ಬಿಡುವಾಗಬೇಕು.

ಎಷ್ಟು ಅಕ್ಷರ, ಎಷ್ಟು ಹೊತ್ತು

ತಂತ್ರಾಂಶಗಳು ಸೆಕೆಂಡಿಗೆ ಇಷ್ಟು ಅಕ್ಷರ ಎಂದು ಎಣಿಸಿ ಹೆಚ್ಚಾದರೆ ಕೆಂಪು ತೋರಿಸುತ್ತವೆ. ಕನ್ನಡಕ್ಕೆ ಆ ಲೆಕ್ಕ ಹೊಂದುವುದಿಲ್ಲ. ‘ಸ್ತ್ರೀ’ ನಮಗೆ ಒಂದು ಅಕ್ಷರ, ಗಣಕಕ್ಕೆ ಆರು: ಸ, ವಿರಾಮ (ಅರ್ಧಾಕ್ಷರದ ‘್’ ಗುರುತು), ತ, ವಿರಾಮ, ರ, ಈಕಾರ. ‘ಋಷ್ಯಶೃಂಗ’ ನಮಗೆ ನಾಲ್ಕು, ಅದಕ್ಕೆ ಎಂಟು. ಕೆಂಪು ಕಂಡು ಹೆದರಿ ಒಳ್ಳೆಯ ವಾಕ್ಯ ಕತ್ತರಿಸಬೇಡಿ, ಬಾಯಲ್ಲಿ ಉಚ್ಚರಿಸುವ ಅಕ್ಷರಗಳನ್ನೇ ಎಣಿಸಿ.

ಓದುವ ರೂಢಿ ಇರುವ ಸಭೆಗೆ ಸೆಕೆಂಡಿಗೆ ಎಂಟು ಅಕ್ಷರ. ಮಕ್ಕಳು, ಮುದುಕರು ಬರುವ ಊರ ಪ್ರದರ್ಶನಕ್ಕೆ ಆರು. ಒಂದು ಸಾಲಿಗೆ ಹದಿನೆಂಟು ಇಪ್ಪತ್ತು ಅಕ್ಷರ ಮೀರದಿರಲಿ, ಎರಡು ಸಾಲಿಗಿಂತ ಹೆಚ್ಚು ಬೇಡವೇ ಬೇಡ. ಒಂದೇ ಪದವಾದರೂ ಒಂದು ಸೆಕೆಂಡು ನಿಲ್ಲಲಿ. ಎಷ್ಟೇ ಉದ್ದವಾದರೂ ಏಳು ಸೆಕೆಂಡಿಗೆ ತೆಗೆಯಿರಿ, ಇಲ್ಲವಾದರೆ ಜನ ಅದನ್ನೇ ಎರಡನೇ ಸಲ ಓದತೊಡಗುತ್ತಾರೆ.

ಅಭ್ಯಾಸಕ್ಕೆ ಒಂದು ವಾಕ್ಯ: ‘ಈ ನಾಡಿನಲ್ಲಿ ಹನ್ನೆರಡು ವರ್ಷಗಳಿಂದ ಮಳೆಯೇ ಬಂದಿಲ್ಲವಾದ್ದರಿಂದ ಪ್ರಜೆಗಳು ನೀರಿಲ್ಲದೆ ಸಾಯುತ್ತಿದ್ದಾರೆ.’ ಇದರಲ್ಲಿ 37 ಅಕ್ಷರ. ಎಂಟರ ಲೆಕ್ಕದಲ್ಲಿ ನಾಲ್ಕೂವರೆ ಸೆಕೆಂಡಿಗಿಂತ ಹೆಚ್ಚು ಬೇಕು, ಪಾತ್ರ ಅಷ್ಟು ಹೊತ್ತು ಮಾತಾಡಿರುವುದಿಲ್ಲ. ‘ಹನ್ನೆರಡು ವರ್ಷ ಮಳೆಯಿಲ್ಲ. ನೀರಿಲ್ಲದೆ ಜನ ಸಾಯುತ್ತಿದ್ದಾರೆ.’ ಈಗ 21 ಅಕ್ಷರ, ಎರಡೂಮುಕ್ಕಾಲು ಸೆಕೆಂಡಿನಲ್ಲಿ ಮುಗಿಯಿತು, ಪೆಟ್ಟೂ ಹೆಚ್ಚಾಯಿತು. ‘ಆದ್ದರಿಂದ’, ‘ಎಂಬುದಾಗಿ’, ‘ಸಂಬಂಧಿಸಿದಂತೆ’ ಇವನ್ನೆಲ್ಲ ಕಿತ್ತು ಹಾಕಿ ವಾಕ್ಯ ಒಡೆದರೆ ಅರ್ಧ ಕೆಲಸ ಆದಂತೆ. ಸಾಲು ಮುರಿಯುವಾಗ ವಿಶೇಷಣವನ್ನು ಮೇಲೆ ಬಿಟ್ಟು ನಾಮಪದವನ್ನು ಕೆಳಗೆ ತಳ್ಳಬೇಡಿ.

ಸಬ್‌ಟೈಟಲಿನ ಎಸ್‌ಆರ್‌ಟಿ ಫೈಲಿನಲ್ಲಿ (ಮಾತು, ಅದರ ಸಮಯ ಎರಡೂ ಇರುವ ಸರಳ ಪಠ್ಯದ ಫೈಲು) ಸಮಯದ ಸಾಲು ಹೀಗಿರುತ್ತದೆ: 00:12:34,500 --> 00:12:37,200. ಗಂಟೆ, ನಿಮಿಷ, ಸೆಕೆಂಡು, ಅಲ್ಪವಿರಾಮ, ಮಿಲಿಸೆಕೆಂಡು. ಅಲ್ಪವಿರಾಮದ ಜಾಗದಲ್ಲಿ ಚುಕ್ಕಿ ಹಾಕಿದರೆ ಕೆಲವು ಪ್ಲೇಯರುಗಳು ಆ ಸಾಲನ್ನೇ ಬಿಟ್ಟುಬಿಡುತ್ತವೆ. ಅಂಕಿಗಳನ್ನು ಕನ್ನಡ ಅಂಕಿಯಲ್ಲಿ ಬರೆದರೂ ಅದೇ ಗತಿ. ಮಾತು ಶುರುವಾದ ಗಳಿಗೆಗೇ ಅಕ್ಷರ ಬರಲಿ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಕನಿಷ್ಠ 80 ಮಿಲಿಸೆಕೆಂಡು ಖಾಲಿ ಇರಲಿ. ಅಷ್ಟೂ ಇಲ್ಲವಾದರೆ ಹೊಸ ಸಾಲು ಬಂದದ್ದು ಕಣ್ಣಿಗೆ ತಿಳಿಯುವುದಿಲ್ಲ. ದೃಶ್ಯ ಬದಲಾದ ಮೇಲೆ ಹಳೆಯ ಮಾತು ಉಳಿಯಬಾರದು.

ಒತ್ತಕ್ಷರ ಕೆಡುವುದು ಎಲ್ಲಿ

ಕಲಬುರಗಿಯ ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ, ಯೂನಿಕೋಡಲ್ಲದ ಆ್ಯಸ್ಕಿ ಅಕ್ಷರದಲ್ಲೇ ಟೈಪ್ ಮಾಡಿಕೊಡುವವರಿದ್ದಾರೆ. ಅದು ಮುದ್ರಣಕ್ಕೆ ನಡೆಯುತ್ತದೆ, ಸಬ್‌ಟೈಟಲ್ ಫೈಲಿನಲ್ಲಿ ಬರೀ ಇಂಗ್ಲಿಷ್ ಕಸವಾಗಿ ಕಾಣುತ್ತದೆ. ಯೂನಿಕೋಡಿನಲ್ಲೇ ಟೈಪ್ ಮಾಡಿ, ಉಳಿಸುವಾಗ ಯುಟಿಎಫ್-8 ಆಯ್ಕೆ ಮಾಡಿ. ಬೇರೆ ಬಗೆಯಲ್ಲಿ ಉಳಿಸಿದರೆ ಅಕ್ಷರದ ಬದಲು ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ ಬರುತ್ತವೆ. ಹಾಗಾದ ಮೇಲೆ ಫೈಲು ಮುಚ್ಚಿದ್ದರೆ ಬರೆದದ್ದು ಮರಳಿ ಸಿಗುವುದಿಲ್ಲ.

ಟಿವಿಗೆ ಪೆನ್‌ಡ್ರೈವ್ ಚುಚ್ಚಿ, ಸಬ್‌ಟೈಟಲ್ ಫೈಲನ್ನು ಪಕ್ಕದಲ್ಲಿಟ್ಟು ಓಡಿಸುವ ವಿಧಾನವನ್ನು ನಂಬಬೇಡಿ. ಅನೇಕ ಟಿವಿ, ಪ್ರೊಜೆಕ್ಟರುಗಳೊಳಗಿನ ಪ್ಲೇಯರಿಗೆ ಕನ್ನಡ ಅಕ್ಷರವೇ ಗೊತ್ತಿಲ್ಲ, ಖಾಲಿ ಚೌಕ ತೋರಿಸುತ್ತವೆ. ಕೆಲವಕ್ಕೆ ಅಕ್ಷರ ಗೊತ್ತು, ಒತ್ತು ಕೂಡಿಸಲು ಗೊತ್ತಿಲ್ಲ. ಆಗ ‘ಮಹರ್ಷಿ’ ಎಂಬುದು ‘ಮಹರ್‌ಷಿ’ ಎಂದೂ, ‘ಸ್ತ್ರೀ’ ಎಂಬುದು ‘ಸ್‌ತ್‌ರೀ’ ಎಂದೂ ಬಿಡಿಬಿಡಿಯಾಗಿ ನಿಲ್ಲುತ್ತವೆ. ಅಕ್ಷರವನ್ನು ಚಿತ್ರದೊಳಗೇ ಅಚ್ಚೊತ್ತಿಸಿಬಿಡುವುದೇ ಖಾತ್ರಿ ದಾರಿ. ‘ಹ್ಯಾಂಡ್‌ಬ್ರೇಕ್’ ತಂತ್ರಾಂಶದಲ್ಲಿ ಚಿತ್ರ ತೆರೆದು, ಸಬ್‌ಟೈಟಲ್ ವಿಭಾಗದಲ್ಲಿ ಎಸ್‌ಆರ್‌ಟಿ ಫೈಲನ್ನು ಒಳಕ್ಕೆ ತಂದು, ‘ಬರ್ನ್ ಇನ್’ ಗುರುತು ಹಾಕಿ. ಇಡೀ ಚಿತ್ರಕ್ಕೆ ಓಡಿಸುವ ಮೊದಲು ಎರಡು ನಿಮಿಷದ ತುಂಡಿಗೆ ಪರೀಕ್ಷೆ ಮಾಡಿ. ಆ ತುಂಡಿನಲ್ಲಿ ಈ ಆರು ಪದಗಳಿರಲಿ: ಋಷ್ಯಶೃಂಗ, ಸ್ತ್ರೀ, ಶಾಸ್ತ್ರ, ರಾಷ್ಟ್ರ, ಅರ್ಘ್ಯ, ಮಹರ್ಷಿ. ಇವು ಸರಿ ಬಂದರೆ ಉಳಿದದ್ದೆಲ್ಲ ಬರುತ್ತದೆ.

ಅಕ್ಷರಶೈಲಿ ‘ನೋಟೊ ಸ್ಯಾನ್ಸ್ ಕನ್ನಡ’ ಅಥವಾ ವಿಂಡೋಸಿನ ‘ನಿರ್ಮಲಾ’ ಇರಲಿ. ‘ತುಂಗಾ’ ದೂರಕ್ಕೆ ತೆಳುವಾಗಿ ಕಾಣುತ್ತದೆ. ಬಿಳಿ ಅಕ್ಷರ, ಸುತ್ತ ಕಪ್ಪು ಅಂಚು ದಪ್ಪವಾಗಿ. ಬರದ ಚಿತ್ರ ಎಂದರೆ ಬಿಸಿಲಿನ ಬಿಳುಪು ಹೆಚ್ಚು, ಅಂಚಿಲ್ಲದ ಅಕ್ಷರ ಅದರಲ್ಲಿ ಕರಗಿಹೋಗುತ್ತದೆ. ಓರೆ ಅಕ್ಷರ ಕನ್ನಡಕ್ಕೆ ಒಗ್ಗುವುದಿಲ್ಲ, ಹಾಡಿಗೂ ಬೇಡ. ಸಾಲುಗಳ ನಡುವೆ ಅಂತರ ಸ್ವಲ್ಪ ಹೆಚ್ಚೇ ಇರಲಿ. ಮೇಲಿನ ಸಾಲಿನಲ್ಲಿ ‘ಶಾಸ್ತ್ರ’ದ ಎರಡು ಒತ್ತು ಕೆಳಗಿಳಿದಿರುವಾಗ ಕೆಳಸಾಲಿನ ಗುಡಿಸು ತಲೆ ಎತ್ತಿದರೆ ಎರಡೂ ಕೂಡಿ ಕಲೆಯಂತೆ ಕಾಣುತ್ತವೆ.

ಲ್ಯಾಪ್‌ಟಾಪಿನಿಂದ ‘ವಿಎಲ್‌ಸಿ’ಯಲ್ಲೇ ಓಡಿಸುವುದಾದರೆ ಅದರ ಸೆಟ್ಟಿಂಗಿನಲ್ಲಿ ಕನ್ನಡ ಫಾಂಟ್ ಆರಿಸಿ ಅದೇ ಪರೀಕ್ಷೆ ಮಾಡಿ. ನಡುವೆ ಸಮಯ ಸ್ವಲ್ಪ ತಪ್ಪಿದರೆ ಕೀಲಿಮಣೆಯ ‘ಜಿ’ ಒತ್ತಿದರೆ ಅಕ್ಷರ ಬೇಗ ಬರುತ್ತದೆ, ‘ಎಚ್’ ಒತ್ತಿದರೆ ತಡವಾಗುತ್ತದೆ, ಒಂದು ಸಲಕ್ಕೆ 50 ಮಿಲಿಸೆಕೆಂಡು.

ತೋರಿಸುವ ದಿನ

ಮೂರು ದಿನ ಮೊದಲು ಮಲಯಾಳಂ ಬಾರದ ಮೂವರಿಗೆ ತೋರಿಸಿ: ಏಳನೇ ಇಯತ್ತೆಯ ಒಂದು ಮಗು, ಅರವತ್ತು ದಾಟಿದ ಒಬ್ಬರು, ದಿನಾ ಪೇಪರ್ ಓದುವ ಒಬ್ಬರು. ನಡುವೆ ಏನೂ ಹೇಳಬೇಡಿ. ಎಲ್ಲಿ ಓದಲು ಸಾಲಲಿಲ್ಲ ಎಂದು ಕೇಳಿ, ಆ ಸಾಲುಗಳನ್ನೇ ತಿದ್ದಿ.

ನಗರದಲ್ಲಾದರೆ ಎಸ್.ಎಂ. ಪಂಡಿತ ರಂಗಮಂದಿರದಂಥ ಸಭಾಂಗಣ ಚೆನ್ನ. ಪುರಾಣದ ಚಿತ್ರಗಳನ್ನೂ ಸಿನಿಮಾ ಪೋಸ್ಟರುಗಳನ್ನೂ ಬರೆದು ಹೆಸರಾದ, ಇದೇ ಊರಿನ ಕಲಾವಿದನ ಹೆಸರಿನ ಮಂದಿರದಲ್ಲಿ ಈ ಚಿತ್ರಕ್ಕೆ ತಕ್ಕ ಜಾಗ ಇದೆ. ಹಳ್ಳಿಯಲ್ಲಿ ಬಯಲೇ ಸರಿ. ಮೇ ತಿಂಗಳಲ್ಲಿ ಏಳೂವರೆಗೆ ಮೊದಲು ಶುರು ಮಾಡಬೇಡಿ, ಕತ್ತಲಾಗಿರುವುದಿಲ್ಲ, ನೆಲದ ಕಾವೂ ಆರಿರುವುದಿಲ್ಲ. ಪರದೆ 12 ಅಡಿ ಅಗಲ, ಆರೂಮುಕ್ಕಾಲು ಅಡಿ ಎತ್ತರ ಇದ್ದರೆ ಹಿಂದಿನ ಸಾಲು 40 ಅಡಿಗಿಂತ ದೂರ ಇರಬಾರದು, ಅದರಾಚೆ ಒತ್ತಕ್ಷರ ಕಾಣುವುದಿಲ್ಲ. ಆ ಅಳತೆಗೆ ರಾತ್ರಿ ಬಯಲಿನಲ್ಲಿ 3000 ಲ್ಯೂಮೆನ್ ಪ್ರೊಜೆಕ್ಟರ್ ಸಾಕು. ಪರದೆಯ ಕೆಳ ಅಂಚು ನೆಲದಿಂದ ಕನಿಷ್ಠ ನಾಲ್ಕು ಅಡಿ ಮೇಲಿರಲಿ. ಸಬ್‌ಟೈಟಲ್ ಬರುವುದೇ ಕೆಳಗೆ, ಮುಂದಿನವರ ತಲೆ, ಪಟಗಗಳೇ ಅದನ್ನು ಮುಚ್ಚಿದರೆ ಇಷ್ಟು ದಿನದ ಕೆಲಸ ಹಿಂದಿನವರಿಗೆ ಸಿಗುವುದಿಲ್ಲ. ಬಟ್ಟೆಯ ನಾಲ್ಕೂ ಮೂಲೆ ಬಿಗಿದು, ಕೆಳಗಡೆ ಬಿದಿರು ಹೊಲಿಸಿ. ಗಾಳಿಗೆ ಕೆಳಭಾಗವೇ ಮೊದಲು ಅಲ್ಲಾಡುವುದು. ಕರೆಂಟು ಹೋಗುವುದು ಲೆಕ್ಕದಲ್ಲಿರಲಿ: ಪ್ರೊಜೆಕ್ಟರಿಗೂ ಲ್ಯಾಪ್‌ಟಾಪಿಗೂ ಯುಪಿಎಸ್, ಧ್ವನಿಗೆ ಬೇಕಾದರೆ ಜನರೇಟರ್. ಬಿಸಿಯಾದ ಪ್ರೊಜೆಕ್ಟರಿನ ಫ್ಯಾನು ದಿಢೀರ್ ನಿಂತರೆ ಅದರ ಒಳಭಾಗ ಸುಡುವ ಸಂಭವವಿದೆ.

ಬೀದರ್ ಕಡೆ ಮರಾಠಿ, ಉರ್ದು ಶಾಲೆಯಲ್ಲಿ ಓದಿದ ಹಿರಿಯರು ಕನ್ನಡ ಚೆನ್ನಾಗಿ ಆಡುತ್ತಾರೆ, ವೇಗವಾಗಿ ಓದಲಾರರು. ಅಕ್ಷರವೇ ಕಲಿಯದವರೂ ಬರುತ್ತಾರೆ. ಅವರನ್ನು ಬಿಟ್ಟು ಪ್ರದರ್ಶನ ಮಾಡುವುದು ಸರಿಯಲ್ಲ. ಶ್ರಾವಣದಲ್ಲಿ ಮಠಗಳಲ್ಲಿ ಪುರಾಣ ಹೇಳುವವರ ರೀತಿಯಲ್ಲಿ ಒಬ್ಬರು ಮೊದಲು ಆರೇಳು ನಿಮಿಷ ಕಥೆ ಹೇಳಲಿ: ಅಂಗದೇಶದ ಬರ, ರಾಜ ಲೋಮಪಾದ, ವಿಭಾಂಡಕ ಮಗನನ್ನು ಬೆಳೆಸಿದ ಬಗೆ. ಶೃಂಗೇರಿ ಪಕ್ಕದ ಕಿಗ್ಗದಲ್ಲಿ ಮಳೆಗಾಗಿ ಪೂಜಿಸುವ ಋಷ್ಯಶೃಂಗೇಶ್ವರ ಇವನೇ ಎಂದು ಹೇಳಿದರೆ ದೂರದ ಕಥೆ ಹತ್ತಿರವಾಗುತ್ತದೆ. ವೈಶಾಲಿ ದೋಣಿ ಹತ್ತುವಲ್ಲಿಗೆ ಕಥೆ ನಿಲ್ಲಿಸಲಿ. ಮಹಾಭಾರತದಲ್ಲಿ ಆ ಗಣಿಕೆಯ ಮಗಳಿಗೆ ಹೆಸರಿಲ್ಲ, ಮಳೆ ಬಂದ ಮೇಲೆ ರಾಜಕುಮಾರಿ ಶಾಂತೆಯ ಮದುವೆಯಾಗುತ್ತದೆ, ಈಕೆಯನ್ನು ಯಾರೂ ಕೇಳುವುದಿಲ್ಲ. ಎಂ.ಟಿ. ಆಕೆಗೆ ಹೆಸರು ಕೊಟ್ಟು ಚಿತ್ರಕ್ಕೂ ಅದನ್ನೇ ಇಟ್ಟಿದ್ದಾರೆ. ಇದನ್ನು ಕಥೆ ಹೇಳುವವರು ಮೊದಲೇ ಬಿಟ್ಟುಕೊಡಬಾರದು.

ಕೊನೆಯ ಮಳೆಯಲ್ಲಿ ಮಾತು ಕಡಿಮೆ. ‘ಮಳಿ ಬರ್ಲತದ’ ಎಂದು ಒಮ್ಮೆ ಬರೆದ ಮೇಲೆ ಗುಂಪಿನ ಪ್ರತಿ ಕೂಗಿಗೂ ಅಕ್ಷರ ಹಾಕಬೇಡಿ. ಆ ಗದ್ದಲದಲ್ಲಿ ಕಣ್ಣು ವೈಶಾಲಿಯನ್ನು ಹುಡುಕಬೇಕು. ಹೆಸರುಗಳು ಓಡಿ ಮುಗಿಯುವವರೆಗೆ ದೀಪ ಹಾಕದಂತೆ ಕರೆಂಟಿನ ಹುಡುಗನಿಗೆ ಮೊದಲೇ ಹೇಳಿಡಿ. ಎಸ್‌ಆರ್‌ಟಿ ಫೈಲನ್ನೂ, ‘ಗೊತ್ತು, ಗೊತ್ತಿಲ್ಲ’ ಎಂದು ಗುರುತು ಹಾಕಿದ ಹಾಳೆಯನ್ನೂ, ಮೊದಲ ಮತ್ತು ಕೊನೆಯ ಮಾತಿನ ಸಮಯದ ಚೀಟಿಯನ್ನೂ ಒಂದೇ ಫೋಲ್ಡರಿನಲ್ಲಿಡಿ. ಯಾದಗಿರಿಯಲ್ಲಿ ಇನ್ನೊಂದು ಗುಂಪು ತೋರಿಸಲು ಹೊರಟರೆ, ಅನುಮತಿ ಪತ್ರ ಹೊಸದಾಗಿ ಪಡೆಯಬೇಕು, ಉಳಿದದ್ದನ್ನು ಹಾಗೇ ಕೊಡಬಹುದು.